ದನ್ ವಾಕೆ ಎಂದರೇನು, ಅದನ್ನು ಹೇಗೆ ತಯಾರಿಸುತ್ತಾರೆ?

ದನ್ ವಾಕೆ ಎಂಬುದು ಉತ್ತರ ನೈಜೀರಿಯಾ ಮತ್ತು ನೈಜರ್ ದೇಶದ ಹೌಸಾ ಜನರ ಸಾಂಪ್ರದಾಯಿಕ ತಿನಿಸು. ಅಲಸಂದೆ ಹಿಟ್ಟಿನ ಸಣ್ಣ ಉಂಡೆಗಳನ್ನು ಕುದಿಯುವ ನೀರಿನಲ್ಲಿ ಬೇಯಿಸಿ ಇದನ್ನು ಮಾಡುತ್ತಾರೆ. ಇದೇ ಕಾಳನ್ನು ನೆನೆಸಿ ರುಬ್ಬಿ ಎಣ್ಣೆಯಲ್ಲಿ ಕರಿದರೆ ಅಕಾರಾ, ಹಬೆಯಲ್ಲಿ ಬೇಯಿಸಿದರೆ ಮೊಯಿನ್ ಮೊಯಿನ್ ಆಗುತ್ತದೆ; ದನ್ ವಾಕೆಗೆ ಸಾಮಾನ್ಯವಾಗಿ ಒಣ ಹಿಟ್ಟನ್ನೇ ಬಳಸುತ್ತಾರೆ.

ಹಿಟ್ಟಿಗೆ ಬೆರೆಸುವ ಎರಡು ವಸ್ತುಗಳೇ ಇದರ ಜೀವಾಳ. ಮೊದಲನೆಯದು ಕುಕಾ, ಅಂದರೆ ಬಾವೊಬಾಬ್ ಮರದ ಒಣಗಿದ ಎಲೆಯ ಪುಡಿ (ನಮ್ಮ ಸವಣೂರಿನ ದೊಡ್ಡ ಹುಣಸೆ ಮರಗಳೂ ಇದೇ ಜಾತಿಯವು). ಅಲಸಂದೆ ಹಿಟ್ಟಿನಲ್ಲಿ ಗೋಧಿಯಲ್ಲಿರುವಂತಹ ಜಿಗುಟು ಇಲ್ಲವಾದ್ದರಿಂದ, ಕುಕಾದ ಲೋಳೆಯೇ ಅದನ್ನು ಹಿಡಿದಿಟ್ಟು ಉಂಡೆಗಳು ನೀರಿನಲ್ಲಿ ಒಡೆಯದಂತೆ ಕಾಯುತ್ತದೆ. ಎರಡನೆಯದು ಕನ್ವಾ ಎಂಬ ಖನಿಜ ಕ್ಷಾರ. ಅದನ್ನು ನೀರಿನಲ್ಲಿ ಕರಗಿಸಿ, ಮರಳು ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಬಳಸಬೇಕು, ಸ್ವಲ್ಪ ಹೆಚ್ಚಾದರೂ ರುಚಿ ಕೆಡುತ್ತದೆ.

ಹಿಟ್ಟನ್ನು ಗಂಟಿಲ್ಲದಂತೆ ಗಟ್ಟಿಯಾಗಿ ಕಲಸಿ, ಕೈಯಿಂದ ಚೆನ್ನಾಗಿ ಬಡಿದು, ಚಿಕ್ಕ ಚಿಕ್ಕ ತುಣುಕುಗಳಾಗಿ ಕುದಿನೀರಿಗೆ ಬಿಡುತ್ತಾರೆ. ನೊರೆ ಉಕ್ಕಿ ಬರುವುದರಿಂದ ಪಾತ್ರೆ ದೊಡ್ಡದಿರುವುದು ಒಳ್ಳೆಯದು. ಬೆಂದ ಉಂಡೆಗಳನ್ನು ಕೂಡಲೇ ತಣ್ಣೀರಿಗೆ ಹಾಕಿದರೆ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ.

ಬಡಿಸುವಾಗ ಮೇಲೆ ಕಡಲೆಕಾಯಿ ಎಣ್ಣೆ ಸುರಿದು, ಯಾಜಿ ಎಂಬ ಖಾರದ ಪುಡಿ ಉದುರಿಸಿ, ಹೆಚ್ಚಿದ ಈರುಳ್ಳಿ, ಟೊಮೆಟೊ ಮತ್ತು ಕೆಲವೊಮ್ಮೆ ಬೇಯಿಸಿದ ಮೊಟ್ಟೆಯನ್ನು ಸೇರಿಸುತ್ತಾರೆ. ಉಂಡೆಗೆ ತನ್ನದೇ ಆದ ರುಚಿ ಸೌಮ್ಯವಾಗಿರುವುದರಿಂದ ಎಣ್ಣೆ ಮತ್ತು ಖಾರದಲ್ಲಿ ಜಿಪುಣತನ ಮಾಡಬಾರದು.