ವೈದ್ಯ ದಂಪತಿಯ ಹೆಸರಿನ ದತ್ತಿಪೀಠ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ವೈದ್ಯಕೀಯ ಕಾಲೇಜೊಂದರಲ್ಲಿ ವೈದ್ಯ ದಂಪತಿಯ ಗೌರವಾರ್ಥ ಸ್ಥಾಪನೆಯಾದ ದತ್ತಿ ಪ್ರಾಧ್ಯಾಪಕ ಪೀಠದ (ದಾನಿಗಳ ನಿಧಿಯ ಆದಾಯದಿಂದ ನಡೆಯುವ ಪ್ರಾಧ್ಯಾಪಕ ಹುದ್ದೆಯ) ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಅಷ್ಟು ದೊಡ್ಡ ಮೊತ್ತವನ್ನು ಬಡರೋಗಿಗಳ ಚಿಕಿತ್ಸೆಗೆ ಬಳಸದೆ ಕೂಡಿಡುವುದು ಸರಿಯೇ, ಪತಿಯೊಬ್ಬರೇ ಪ್ರಾಧ್ಯಾಪಕರಾಗಿದ್ದಾಗ ಪೀಠಕ್ಕೆ ಪತ್ನಿಯ ಹೆಸರೂ ಏಕೆ, ಹಣ ಕೊಟ್ಟವರ ಮುಲಾಜಿಗೆ ಪ್ರಾಧ್ಯಾಪಕರು ಒಳಗಾಗುವುದಿಲ್ಲವೇ ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಹೆಚ್ಚು ಜಾಗ ತೆಗೆದುಕೊಳ್ಳುತ್ತೇನೆ. ಅದು ಕೇವಲ ಮರ್ಯಾದೆಯ ಮಾತಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲು ಹಣದ ವಿಚಾರ. ದತ್ತಿಯ ಮೂಲಧನವನ್ನು ಖರ್ಚು ಮಾಡುವಂತಿಲ್ಲ. ಅದನ್ನು ಹೂಡಿಕೆ ಮಾಡಿ, ಸಾಮಾನ್ಯವಾಗಿ ವರ್ಷಕ್ಕೆ ಶೇ 4ರಿಂದ 5ರಷ್ಟನ್ನು ಮಾತ್ರ ಬಳಸಿ, ಉಳಿದ ಗಳಿಕೆಯನ್ನು ಬೆಲೆಯೇರಿಕೆಗೆ ಸರಿದೂಗುವಂತೆ ಮೂಲಧನಕ್ಕೇ ಸೇರಿಸುತ್ತಾರೆ. 20 ಲಕ್ಷ ಡಾಲರ್ ದತ್ತಿಯಿದೆ ಎಂದಿಟ್ಟುಕೊಂಡರೆ ವರ್ಷಕ್ಕೆ 80 ಸಾವಿರದಿಂದ 1 ಲಕ್ಷ ಡಾಲರ್ ದೊರೆಯುತ್ತದೆ. ಅಲ್ಲಿನ ವೈದ್ಯಕೀಯ ಪ್ರಾಧ್ಯಾಪಕರ ಸಂಬಳದ ದೊಡ್ಡ ಪಾಲು ರೋಗಿಗಳ ಚಿಕಿತ್ಸೆಯ ಶುಲ್ಕದಿಂದ ಅಥವಾ ಕೆಲವೇ ವರ್ಷಗಳ ಸಂಶೋಧನಾ ಅನುದಾನದಿಂದ ಬರುವುದರಿಂದ, ವಿದ್ಯಾರ್ಥಿಯನ್ನು ಹಾಸಿಗೆಯ ಪಕ್ಕ ನಿಲ್ಲಿಸಿಕೊಂಡು ಒಂದು ರೋಗಲಕ್ಷಣವನ್ನು ಸಾವಧಾನವಾಗಿ ತಿಳಿಸಿಕೊಡುವ ಹೊತ್ತಿಗೆ ಹಣ ಕೊಡುವವರು ಯಾರೂ ಇರುವುದಿಲ್ಲ. ದತ್ತಿಪೀಠ ಕೊಳ್ಳುವುದು ಆ ಹೊತ್ತನ್ನು. ಅಲ್ಲಿ ಕಲಿತವರು ಮುಂದೆ ನೋಡುವ ರೋಗಿಗಳಲ್ಲಿ ಬಡವರೂ ಇರುತ್ತಾರೆಂಬುದನ್ನು ತಾವು ಲೆಕ್ಕಕ್ಕೆ ಹಿಡಿಯಬೇಕು.

ಇಂಥ ದತ್ತಿ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಹಾರ್ವರ್ಡ್‌ನ ಹರ್ಸೀ ಪೀಠವೇ ಸಾಕ್ಷಿ. ಮ್ಯಾಸಚೂಸೆಟ್ಸ್‌ನ ಹಿಂಗ್‌ಹ್ಯಾಮ್ ಊರಿನ ವೈದ್ಯ ಎಝೀಕಿಯಲ್ ಹರ್ಸೀ 1770ರಲ್ಲಿ ತೀರಿಕೊಂಡಾಗ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಪ್ರಾಧ್ಯಾಪಕ ಪೀಠಕ್ಕೆಂದು 1,000 ಪೌಂಡ್ ಬಿಟ್ಟುಹೋದರು. ಅವರ ಪತ್ನಿ ಸಾರಾ ಕೂಡ ಮುಂದೆ ಅದೇ ಉದ್ದೇಶಕ್ಕೆ ಅಷ್ಟೇ ಹಣ ಬಿಟ್ಟರು. ಹಾರ್ವರ್ಡ್ ವೈದ್ಯಕೀಯ ಶಾಲೆ ಹುಟ್ಟಿದ್ದು 1782ರಲ್ಲಿ, ಅಂದರೆ ಹರ್ಸೀ ಅವರ ದತ್ತಿ ಶಾಲೆಗಿಂತ ಹಳೆಯದು. ಹರ್ಸೀ ಹೆಸರಿನ ಪ್ರಾಧ್ಯಾಪಕರು ಅಲ್ಲಿ ನಮ್ಮ ಕಾಲದಲ್ಲೂ ಇದ್ದಾರೆ.

ಇನ್ನು ಇಬ್ಬರ ಹೆಸರಿನ ಪ್ರಶ್ನೆ. ‘ಪತ್ನಿ ಪ್ರಾಧ್ಯಾಪಕಿಯಾಗಿರಲಿಲ್ಲ’ ಎಂಬುದು ತಮ್ಮ ಆಕ್ಷೇಪ. ಆಗಲಿಲ್ಲವೇಕೆ ಎಂದು ಮೊದಲು ಕೇಳಬೇಕಾಗುತ್ತದೆ. ಉದಾಹರಣೆಗೆ, ಗರ್ಟಿ ಕೋರಿ ಮತ್ತು ಅವರ ಪತಿ ಕಾರ್ಲ್ ಕೋರಿ ಪ್ರಾಗ್‌ನಲ್ಲಿ ಒಟ್ಟಿಗೆ ವೈದ್ಯಕೀಯ ಓದಿ, 1920ರಲ್ಲಿ ಪದವಿ ಪಡೆದು, ಅದೇ ವರ್ಷ ಮದುವೆಯಾಗಿ, 1922ರಲ್ಲಿ ಅಮೆರಿಕಕ್ಕೆ ಹೋದವರು. ಇಬ್ಬರೂ ಒಂದೇ ಪ್ರಯೋಗಾಲಯದಲ್ಲಿ ದುಡಿದು ಒಟ್ಟಾಗಿ ಪ್ರಬಂಧಗಳನ್ನು ಬರೆದರು. ಸ್ನಾಯುವಿನಲ್ಲಿ ಹುಟ್ಟಿದ ಲ್ಯಾಕ್ಟಿಕ್ ಆಮ್ಲ ಯಕೃತ್ತಿಗೆ ಹೋಗಿ ಮತ್ತೆ ಗ್ಲೂಕೋಸ್ ಆಗುವ ಕ್ರಿಯೆಯನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ‘ಕೋರಿ ಚಕ್ರ’ ಎಂದೇ ಓದುತ್ತಾರೆ. ಹೀಗಿದ್ದೂ 1931ರಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಗೆ ಬಂದಾಗ ಕಾರ್ಲ್ ಔಷಧಶಾಸ್ತ್ರ ವಿಭಾಗದ ಮುಖ್ಯಸ್ಥರಾದರು, ಗರ್ಟಿಗೆ ಅಲ್ಪ ಸಂಬಳದ ಸಂಶೋಧನಾ ಹುದ್ದೆಯಷ್ಟೇ ದೊರೆಯಿತು. ಗಂಡ ಹೆಂಡತಿ ಇಬ್ಬರನ್ನೂ ನೇಮಿಸಿಕೊಳ್ಳಬಾರದೆಂಬ ನಿಯಮ ಆಗ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿತ್ತು. ವೈದ್ಯಕೀಯ ಸಂಶೋಧನೆಗೆ ಕೊಡುವ 1946ರ ಲ್ಯಾಸ್ಕರ್ ಪ್ರಶಸ್ತಿ ಕಾರ್ಲ್ ಅವರಿಗೆ ಮಾತ್ರ ಬಂತು. ಗರ್ಟಿ ಪೂರ್ಣ ಪ್ರಾಧ್ಯಾಪಕಿಯಾದದ್ದು 1947ರಲ್ಲಿ, ದಂಪತಿಗೆ ನೊಬೆಲ್ ಬಂದ ವರ್ಷ.

ನೊಬೆಲ್ ಪಡೆಯುವಷ್ಟು ಕೆಲಸ ಮಾಡಿದವರ ಸ್ಥಿತಿಯೇ ಹೀಗಿದ್ದರೆ, ದಿನವಿಡೀ ರೋಗಿಗಳನ್ನು ನೋಡಿ, ಪತಿಯ ಸಂಶೋಧನೆಗೆ ಬಿಡುವು ಮಾಡಿಕೊಟ್ಟು, ತಮ್ಮ ಹೆಸರಿನಲ್ಲಿ ಒಂದು ಪ್ರಬಂಧವನ್ನೂ ಪ್ರಕಟಿಸದ ಎಷ್ಟು ಮಂದಿ ವೈದ್ಯೆಯರು ದಾಖಲೆಯಿಂದಲೇ ಜಾರಿಹೋಗಿರಬಹುದು? ಪೀಠಕ್ಕೆ ಅವರ ಹೆಸರಿಟ್ಟರೆ ಅದು ಸುಳ್ಳು ಗೌರವವಾಗುವುದಿಲ್ಲ. ಪ್ರತಿ ನೇಮಕದ ಆದೇಶದಲ್ಲೂ ಪ್ರತಿ ಪ್ರಬಂಧದ ತಲೆಬರಹದ ಕೆಳಗೂ ಆ ಹೆಸರು ಅಚ್ಚಾಗುತ್ತದೆ, ಮುಂದಿನ ವಿದ್ಯಾರ್ಥಿನಿ ಅದನ್ನು ಓದುತ್ತಾಳೆ.

ಮೂರನೆಯ ಪ್ರಶ್ನೆಯಲ್ಲಿ ತಮ್ಮ ಆತಂಕ ನ್ಯಾಯವಾದದ್ದು. ದಾನಿ ವಿಷಯವನ್ನು ಸೂಚಿಸಬಹುದು, ವ್ಯಕ್ತಿಯನ್ನು ಆರಿಸಬಾರದು. ನೇಮಕ ಪೂರ್ತಿಯಾಗಿ ಕಾಲೇಜಿನ ಕೈಯಲ್ಲಿರಬೇಕು. ಹಾಗೆಂದು ದಾನಿಗಳ ಷರತ್ತುಗಳೆಲ್ಲ ಕೆಡುಕಲ್ಲ. ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ 1893ರಲ್ಲಿ ತೆರೆದದ್ದು ಮೇರಿ ಎಲಿಜಬೆತ್ ಗ್ಯಾರೆಟ್ ಮತ್ತು ಅವರ ಸಂಗಾತಿಗಳು ಒದಗಿಸಿದ 5 ಲಕ್ಷ ಡಾಲರ್ ನಿಧಿಯಿಂದ. ಮಹಿಳೆಯರಿಗೂ ಪುರುಷರಷ್ಟೇ ಸಮಾನವಾಗಿ ಪ್ರವೇಶ ಕೊಡಬೇಕೆಂಬುದು ಅವರ ಷರತ್ತಾಗಿತ್ತು. ಬಹಿರಂಗವಾಗಿ, ಬರವಣಿಗೆಯಲ್ಲಿ, ಹಣಕ್ಕೆ ಮುಂಚೆಯೇ ಇಟ್ಟ ಷರತ್ತದು. ಸಂಸ್ಥೆ ಬೇಡವೆನ್ನಬಹುದಿತ್ತು, ಒಪ್ಪಿಕೊಂಡಿತು.

ಹೀಗಾಗಿ ಇಂಥ ಪೀಠದ ಸುದ್ದಿ ಬಂದಾಗ ಮೊತ್ತಕ್ಕಿಂತ ಮೊದಲು ದತ್ತಿಪತ್ರದಲ್ಲಿ ಏನಿದೆ ಎಂದು ಕೇಳುವುದು ಒಳ್ಳೆಯದು. ಆಯ್ಕೆ ಯಾರದು, ಆ ವಿಷಯ ಮುಂದೆ ಅಪ್ರಸ್ತುತವಾದರೆ ಹಣವನ್ನು ಯಾವುದಕ್ಕೆ ತಿರುಗಿಸಬಹುದು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ದಂಪತಿಯ ಪೀಠವಾದರೆ ಮತ್ತೊಂದು ಸಾಲನ್ನೂ ಸೇರಿಸಬೇಕೆಂದು ನಾನು ಹೇಳುತ್ತೇನೆ: ಬಳಕೆಯಲ್ಲಿ ಉದ್ದ ಹೆಸರು ಮೊಟಕಾಗಿ ಗಂಡನದಷ್ಟೇ ಉಳಿಯುವ ಸಂಭವವಿರುವುದರಿಂದ, ಕಾಲೇಜಿನ ಎಲ್ಲ ಕಾಗದಪತ್ರಗಳಲ್ಲಿ ಇಬ್ಬರ ಹೆಸರನ್ನೂ ಪೂರ್ತಿಯಾಗಿ ಬರೆಯತಕ್ಕದ್ದು.

— ಸಂಪಾದಕ