ತೀರ್ಥಹಳ್ಳಿಗೆ ಹಳೇ ಪಿನ್‌ಬಾಲ್ ಮಷೀನ್ (ಉಕ್ಕಿನ ಗುಂಡು ಹೊಡೆದು ಸ್ಕೋರ್ ಗಳಿಸುವ ಆಟದ ಮಷೀನ್) ತಂದಿದ್ದೇನೆ, ಮೊದಲು ಏನು ಮಾಡಲಿ?

ಪ್ಲಗ್ ಮಾತ್ರ ಹಾಕಬೇಡಿ. ಅಮೆರಿಕದ್ದಾದರೆ ಟ್ರಾನ್ಸ್‌ಫಾರ್ಮರ್ 120 ವೋಲ್ಟಿಗೆ ಜೋಡಿಸಿರಬಹುದು. ನಮ್ಮ 230ಕ್ಕೆ ಸುಟ್ಟೇ ಹೋಗುತ್ತೆ.

ಆಮೇಲೆ ಸ್ಕೋರ್ ತೋರಿಸುವ ಪೆಟ್ಟಿಗೆ ತೆಗೆದು ಬೋರ್ಡ್ ನೋಡಿ. 1970ರ ದಶಕದ ಕೊನೆಯಿಂದ ಬಂದ ಎಲೆಕ್ಟ್ರಾನಿಕ್ ಮಷೀನುಗಳಲ್ಲಿ ದೊಡ್ಡ ಸ್ಕೋರ್ ನೆನಪಿಡಲು ಬ್ಯಾಟರಿ ಇರುತ್ತೆ. ಹೆಚ್ಚಿನವನ್ನು ಕೊಲ್ಲುವುದು ಅದೇ: ಸೋರಿ, ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು ಕಟ್ಟುತ್ತೆ. ಬ್ಯಾಟರಿ ಕಿತ್ತು, ಬಿಳಿ ವಿನೆಗರ್ ಹಚ್ಚಿದ ಬ್ರಷ್‌ನಲ್ಲಿ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ.

ಗುಂಡು ಹೊಡೆಯುವ ಕೈ, ಅಂದ್ರೆ ಫ್ಲಿಪ್ಪರ್, ಬಿಗಿಯಾಗಿದೆ ಅಂತ ನಾನು ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಧೂಳು ಹಿಡಿದು ಹಲಸಿನ ಮೇಣದ ಥರ ಆಯ್ತು! ಫ್ಲಿಪ್ಪರನ್ನು ಆಡಿಸುವ ತಂತಿ ಸುರುಳಿ (ಕಾಯಿಲ್) ಒಳಗಿನ ಕೊಳವೆ ಒಣಗಿಯೇ ಇರಬೇಕು, ಸವೆದಿದ್ದರೆ ಬದಲಿಸಿ.

ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಡಬೇಡಿ, ಪ್ಲೈವುಡ್ ತೇವ ಕುಡಿದು ಬಣ್ಣ ಏಳುತ್ತೆ.