ಖಾಲಿ ಕೊಳದಲ್ಲಿ ಹದಿನಾಲ್ಕು ಜನ!

ಪ್ರಶ್ನೆ: ಸಾರ್ವಜನಿಕ ಈಜುಕೊಳದ ಬಾಗಿಲಿಗೆ ಜೋಡಿ ಕಿರಣದ ಎಣಿಕೆ ಸೆನ್ಸರ್ (ಬಾಗಿಲಿಗೆ ಅಡ್ಡಲಾಗಿ ಹಾಯುವ ಎರಡು ಕಿರಣಗಳನ್ನು ದಾಟಿದವರನ್ನು ಎಣಿಸುವ ಸಾಧನ) ಇದೆ. ರಾತ್ರಿ ಎಲ್ಲರೂ ಹೋದ ಮೇಲೂ ಒಳಗೆ 14 ಜನ ಎಂದು ತೋರಿಸುತ್ತದೆ. ಏಕೆ?

ಉತ್ತರ: ಟಿಕೆಟ್ ತೋರಿಸಿ ಒಬ್ಬೊಬ್ಬರೇ ಒಳಬರುತ್ತಾರೆ, ಹೋಗುವಾಗ ಗುಂಪಾಗಿ ಹೋಗುತ್ತಾರೆ. ಪಕ್ಕಪಕ್ಕ ನಡೆದ ಇಬ್ಬರು ಕಿರಣಕ್ಕೆ ಒಬ್ಬರೇ. 700 ಜನ ಬಂದ ದಿನ, ಹೊರಹೋದವರಲ್ಲಿ ನೂರಕ್ಕೆ ಇಬ್ಬರು ತಪ್ಪಿದರೂ 14 ಉಳಿಯುತ್ತದೆ. ಹೊರದಾರಿಯನ್ನು ಒಬ್ಬರಷ್ಟೇ ಹಾಯುವ ತಿರುಗುಗೇಟಿಗೆ ಬದಲಿಸಿ, ಇಲ್ಲವೇ ಮೇಲಿಂದ ನೋಡುವ ಸೆನ್ಸರ್ ಹಾಕಿ. ಸೆನ್ಸರಿನ ಗಾಜಿನ ಮೇಲೆ ಆವಿ ಕೂತರೂ ಲೆಕ್ಕ ಕೆಡುತ್ತದೆ. ದಿನವೂ ಒಣಬಟ್ಟೆಯಿಂದ ಒರೆಸಿ.

ಗಂಟೆಗೊಮ್ಮೆ ನೀರಿನಲ್ಲಿರುವವರನ್ನೂ ದಂಡೆಯಲ್ಲಿರುವವರನ್ನೂ ಬೇರೆಬೇರೆಯಾಗಿ ತಲೆ ಎಣಿಸಿ ಬರೆದಿಡಿ. ಬಾಗಿಲ ಲೆಕ್ಕದಲ್ಲಿ ಬಟ್ಟೆ ಬದಲಿಸುವ ಕೋಣೆಯವರೂ ಸೇರಿರುತ್ತಾರೆ. ರಾತ್ರಿ ಕೊಳದ ತಳ, ಸ್ನಾನದ ಕೋಣೆ ಎಲ್ಲವನ್ನೂ ಕಣ್ಣಾರೆ ನೋಡಿದ ಮೇಲಷ್ಟೇ ಲೆಕ್ಕವನ್ನು ಸೊನ್ನೆಗೆ ತರುವ ಗುಂಡಿ ಒತ್ತಿ. ‘ಯಂತ್ರದ ತಪ್ಪು’ ಎಂದುಕೊಂಡು ನೋಡದೆ ಒತ್ತಲೇಬೇಡಿ.